ಈ ಗೋಡೆಯ ರೂವಾರಿ ಯಾರು?

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿ ಲಿಂಗದಹಳ್ಳಿ ಸಿಗುತ್ತದೆ. ಟ್ರಿಪ್ ಹೊರಟ ಬೈಕುಗಳು ಅಲ್ಲಿ ಟೀಗೆ ನಿಂತು ಕಲ್ಲತ್ತಿಗಿರಿ ಕಡೆ ಹೊರಟುಬಿಡುತ್ತವೆ. ಈ ಸಲದ ಪಾಠಕ್ಕೆ ಆ ಊರಿನಲ್ಲಿ ನಮಗೊಂದು ಗೋಡೆ ಬೇಕು. ಊರು ನಿಜ, ಗೋಡೆ ಮಾತ್ರ ಊಹೆಯದ್ದು. ಮೆಕ್ಯಾನಿಕ್ಸ್ ಕ್ಲಾಸಲ್ಲಿ ಘರ್ಷಣೆಯೇ ಇಲ್ಲದ ಇಳಿಜಾರನ್ನು ಊಹಿಸಿಕೊಳ್ತೀವಲ್ಲ, ಹಾಗೆ. ವ್ಯತ್ಯಾಸ ಇಷ್ಟೇ: ಈ ಗೋಡೆಯಲ್ಲಿ ಇರೋದೆಲ್ಲ ಘರ್ಷಣೆಯೇ.

ರಸ್ತೆ ಬದಿಯ ಗೋಡೆ, 40 ಅಡಿ ಉದ್ದ, 8 ಅಡಿ ಎತ್ತರ. ಯಾವುದೋ ಕಾಲೇಜಿನ ಆರ್ಟ್ ಕ್ಲಬ್ಬಿನವರು ಗೋಡೆಯ ಯಜಮಾನರ ಒಪ್ಪಿಗೆ ತಗೊಂಡು ಚಿತ್ರ ಬರೆಯೋಕೆ ಬಂದಿದ್ದಾರೆ. ಅಡಿಕೆ ತೋಟ, ನಡುವೆ ಒಂದು ಮಂಗಟ್ಟೆ ಹಕ್ಕಿ, ಹಿಂದೆ ಬೆಟ್ಟ, ಮೇಲೆ ದಪ್ಪ ಅಕ್ಷರದಲ್ಲಿ ಊರಿನ ಹೆಸರು. ಒಬ್ಬಳು ಎರಡು ಸಂಜೆ ಕೂತು ಟ್ಯಾಬ್ಲೆಟ್ಟಿನಲ್ಲಿ ಡಿಸೈನ್ ಮಾಡಿದಳು. ಇನ್ನೊಬ್ಬ ಗೋಡೆ ಮೇಲೆ ಚೌಕ ಹಾಕಿ ಔಟ್‌ಲೈನ್ ಎಳೆದ. ಫಸ್ಟ್ ಇಯರಿನ ಇಬ್ಬರು ಗೋಡೆ ಉಜ್ಜಿ, ಪ್ರೈಮರ್ ಹೊಡೆದು, ಮೂರು ದಿನ ಬಿಸಿಲಲ್ಲಿ ನಿಂತು ಬಣ್ಣ ತುಂಬಿದರು. ಕನ್ನಡ ಅಕ್ಷರ ಯಾರಿಗೂ ಸರಿಯಾಗಿ ಕೂರಲಿಲ್ಲ ಅಂತ ಊರಿನ ಬೋರ್ಡ್ ಪೇಂಟರ್ ಒಬ್ಬರನ್ನು ದಿನಗೂಲಿ ಕೊಟ್ಟು ಕರೆದರು. ಅವರು ದಾರ ಹಿಡಿದು ಒಂದೇ ಮಧ್ಯಾಹ್ನದಲ್ಲಿ ‘ಲಿಂಗದಹಳ್ಳಿ’ ಬರೆದುಕೊಟ್ಟರು. ಮಂಗಟ್ಟೆಯ ರೂಪ ಬಂದದ್ದು ನೆಟ್ಟಿನಲ್ಲಿ ಸಿಕ್ಕ ಯಾರದೋ ಫೋಟೋದಿಂದ. ಬಣ್ಣ ಕೊಟ್ಟದ್ದು ಒಂದು ಅಂಗಡಿ, ಅದರ ಲೋಗೋ ಮೊದಲೇ ಬಂದು ಕೂತಿದೆ.

ಭಾನುವಾರ ಸಂಜೆ ಕೆಲಸ ಮುಗೀತು. ಬಲಗಡೆ ಮೂಲೆಯಲ್ಲಿ ಒಂದು ಅಡಿ ಜಾಗ ಉಳಿದಿದೆ. ಅಲ್ಲಿ ಯಾರ ಹೆಸರು?

‘ಐಡಿಯಾ ಅವಳದ್ದು, ಅವಳ ಹೆಸರು ಹಾಕಿ’ ಅನ್ನೋದು ನಮ್ಮಲ್ಲಿ ಬಹಳ ಜನರ ಮೊದಲ ಉತ್ತರ. ‘ಕ್ಲಬ್ಬಿನ ಹೆಸರು ಹಾಕಿದ್ರೆ ಜಗಳನೇ ಇಲ್ವಲ್ಲ’ ಅನ್ನೋದು ಎರಡನೆಯದು. ಬೋರ್ಡ್ ಪೇಂಟರ್ ವಿಷಯ ಎತ್ತಿದರೆ ‘ಅವರಿಗೆ ದುಡ್ಡು ಕೊಟ್ಟಾಯ್ತಲ್ಲ ಮಾರಾಯ’. ಮೂರೂ ಉತ್ತರಗಳಲ್ಲಿ ಏನೋ ತಪ್ಪಿದೆ. ಏನು ಅಂತ ತಿಳಿಯೋಕೆ ಇದೇ ತಾಲ್ಲೂಕಿನ ಒಂದು ನಿಜವಾದ, ತುಂಬಾ ಹಳೆಯ ಗೋಡೆ ನೋಡಬೇಕು.

ಅಮೃತಾಪುರದಲ್ಲಿ ಮೂರು ಥರದ ಹೆಸರು

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿರುವ ಅಮೃತೇಶ್ವರ ದೇವಸ್ಥಾನ 1196ರದ್ದು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಅದರ ತೆರೆದ ಮಂಟಪದ ಗೋಡೆಯಲ್ಲಿ 140 ಕಥಾಫಲಕಗಳಿವೆ. ದಕ್ಷಿಣದ ಕಡೆ 70 ಫಲಕಗಳಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಕಥೆ, ಉಳಿದ 45ರಲ್ಲಿ ಮಹಾಭಾರತ. ಒಬ್ಬನ ಕೈಯಲ್ಲಿ ಆಗುವ ಕೆಲಸ ಅಲ್ಲ ಅಂತ ನೋಡಿದರೇ ಗೊತ್ತಾಗುತ್ತೆ.

ಇಲ್ಲಿ ಹೆಸರು ಉಳಿದವರನ್ನು ಗಮನಿಸಿ. ದುಡ್ಡು ಹಾಕಿದ ದಂಡನಾಯಕನ ಹೆಸರು ದೇವರಿಗೇ ಅಂಟಿಕೊಂಡಿದೆ. ಮುಖಮಂಟಪದ ಹತ್ತಿರದ ದೊಡ್ಡ ಶಾಸನದಲ್ಲಿರುವ ಪದ್ಯಗಳು ಕವಿ ಜನ್ನನವು. ಬರೆದವನ ಹೆಸರೂ ಉಳಿಯಿತು. ಮೂರನೆಯವನು ಮಲ್ಲಿತಮ್ಮ, ಕಲ್ಲು ಕೆತ್ತಿದವನು. ಚಾವಣಿಯ ಒಳಗುಮ್ಮಟಗಳಲ್ಲಿ ಅವನ ಕೆಲಸ ಇದೆ, ಅವನ ವೃತ್ತಿ ಶುರುವಾದದ್ದೇ ಇಲ್ಲಿ ಅಂತ ಕಲಾ ಇತಿಹಾಸಕಾರರು ಹೇಳುತ್ತಾರೆ. ಮುಂದೆ ಸೋಮನಾಥಪುರದ ಕೇಶವ ದೇವಾಲಯದ ತನಕ ಆ ಹೆಸರು ಸಿಗುತ್ತದೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಬರೀ ‘ಮಲ್ಲಿ’, ಇನ್ನು ಕೆಲವು ಕಡೆ ‘ಮ’ ಅನ್ನೋ ಒಂದೇ ಅಕ್ಷರ. ಇವತ್ತಿನ ಗ್ರಾಫಿಟಿಯವರು ‘ಟ್ಯಾಗ್’ ಅಂತಾರಲ್ಲ, ಹೆಚ್ಚೂಕಡಿಮೆ ಅದೇ.

ಹೊಯ್ಸಳರ ಕಾಲದ ಶಿಲ್ಪಿಗಳಲ್ಲಿ ಸಹಿ ಮಾಡೋ ರೂಢಿ ಜೋರಾಗಿಯೇ ಇತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರ ಸಹಿಗಳೂ ಇವೆ. ಅಪ್ಪ ಮಗ ಒಂದೇ ದೇವಸ್ಥಾನದಲ್ಲಿ ಕೆಲಸ ಮಾಡಿದರೂ ಮನೆತನದ ಹೆಸರಲ್ಲಿ ಎಲ್ಲ ಮುಚ್ಚಿಹಾಕಲಿಲ್ಲ. ಇದು ನಿನ್ನದು, ಇದು ನನ್ನದು ಅಂತ ಗೊತ್ತಾಗುವ ಹಾಗೆ ಬರೆದರು. ಹೆಸರಿನ ಜತೆ ಊರೂ ಇರುತ್ತಿತ್ತು. ನನಗೆ ಅದು ಶಿಲಾಶಾಸನಕ್ಕಿಂತ ವಿಸಿಟಿಂಗ್ ಕಾರ್ಡಿನ ಥರ ಕಾಣುತ್ತೆ: ಇಂಥ ಕೆಲಸ ಬೇಕಿದ್ರೆ ಬಳ್ಳಿಗಾವೆಗೆ ಬಂದು ದಾಸೋಜನ್ನ ಕೇಳಿ.

ಹಾಗಂತ ಆ ಕಾಲವನ್ನು ತಲೆ ಮೇಲೆ ಹೊತ್ತುಕೊಳ್ಳೋದು ಬೇಡ. ಬಳಪದ ಕಲ್ಲನ್ನು ಗಣಿಯಿಂದ ಎಬ್ಬಿಸಿದವರು, ಗಾಡಿಯಲ್ಲಿ ತಂದವರು, ಉಜ್ಜಿ ನುಣುಪು ಮಾಡಿದವರು ಸಹಿ ಮಾಡಿದವರ ಸಾಲಿನಲ್ಲಿ ಕಾಣೋದಿಲ್ಲ. ಸಾಲು ಉಳಿ ಹಿಡಿದವನ ತನಕ ಬಂದು ನಿಂತಿತು. ನಮ್ಮ ಗೋಡೆಯ ಭಾಷೆಯಲ್ಲಿ ಹೇಳೋದಾದ್ರೆ, ಪ್ರೈಮರ್ ಹೊಡೆದ ಫಸ್ಟ್ ಇಯರ್ ಹುಡುಗರು ಆಗಲೂ ಲಿಸ್ಟಿನಲ್ಲಿ ಇರಲಿಲ್ಲ.

ಇಲ್ಲಿ ಒಂದು ಪದದ ಕಥೆ ಹೇಳಲೇಬೇಕು. ಮಲ್ಲಿತಮ್ಮನನ್ನು ‘ರೂವಾರಿ ಮಲ್ಲಿತಮ್ಮ’ ಅನ್ನುತ್ತಾರೆ. ರೂವಾರಿ ಅಂದ್ರೆ ರೂಪಕಾರಿ, ಕಲ್ಲಿನಲ್ಲಿ ರೂಪ ಬಿಡಿಸುವವನು, ಶಿಲ್ಪಿ. ಇವತ್ತಿನ ಪೇಪರ್ ತೆಗೆದು ನೋಡಿ: ‘ಯೋಜನೆಯ ರೂವಾರಿ’, ‘ಗೆಲುವಿನ ರೂವಾರಿ’. ಈಗ ರೂವಾರಿ ಅಂದರೆ ತಲೆ ಓಡಿಸಿದವನು, ಹಿಂದೆ ನಿಂತು ಮಾಡಿಸಿದವನು. ಕೈಯಲ್ಲಿ ಮಾಡಿದವನ ಹೆಸರಾಗಿದ್ದ ಪದ ನಿಧಾನಕ್ಕೆ ಮಾಡಿಸಿದವನ ಪಾಲಾಯಿತು. ‘ಐಡಿಯಾ ಅವಳದ್ದು, ಅವಳ ಹೆಸರು ಹಾಕಿ’ ಅಂತ ನಾವು ತಟ್ಟನೆ ಅನ್ನೋದರಲ್ಲಿ ಇದೇ ಜಾರುವಿಕೆ ಇದೆ.

ಬೆಂಗಳೂರಿನ ರಸ್ತೆಯಲ್ಲಿ

ಇನ್ನು ನಮ್ಮ ಕಾಲದ ಬೀದಿಗೆ ಬರೋಣ. ಮೈಸೂರಿನ ಕಲಾಶಾಲೆ ಕಾವಾದಲ್ಲಿ ಓದಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಮೊಸಳೆ ಬಿಟ್ಟದ್ದು ಎಲ್ಲರಿಗೂ ಗೊತ್ತು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2 ಇಳಿಯೋಕೆ ಕೆಲವೇ ದಿನ ಇರುವಾಗ, ಅವರದೇ ಇನ್ನೊಂದು ಕೆಲಸ ಮೊಬೈಲ್‌ಗಳಲ್ಲಿ ಓಡಾಡಿತು. ಬಿಳಿ ಸೂಟು ತೊಟ್ಟ ಗಗನಯಾತ್ರಿ ಚಂದ್ರನ ಕುಳಿಗಳ ನಡುವೆ ತೇಲಿದ ಹಾಗೆ ನಡೀತಾ ಇರ್ತಾನೆ; ಪಕ್ಕದಲ್ಲಿ ಆಟೋ ಒಂದು ಹಾದುಹೋದಾಗ ಅದು ಹೇರೋಹಳ್ಳಿ ಕಡೆಯ ರಸ್ತೆ ಅಂತ ಗೊತ್ತಾಗುತ್ತೆ.

ಈಗ ಕೇಳಿ: ಅಲ್ಲಿ ಕಲಾಕೃತಿ ಯಾವುದು? ಕಲ್ಪನೆ ಬಾದಲ್ ಅವರದ್ದು, ಅದರಲ್ಲಿ ಅನುಮಾನ ಇಲ್ಲ. ಆದರೆ ಸೂಟಿನೊಳಗೆ ನಿಧಾನಗತಿಯಲ್ಲಿ ನಡೆದವರು ನಟ ಪೂರ್ಣಚಂದ್ರ ಮೈಸೂರು. ಆ ನಡಿಗೆ ಕೆಟ್ಟಿದ್ದರೆ ಚಂದ್ರನೇ ಇಲ್ಲ. ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ಬೆಳಕು ಯಾವ ಕಡೆಯಿಂದ ಬಿತ್ತು ಅನ್ನೋದರ ಮೇಲೆ ಇಡೀ ಭ್ರಮೆ ನಿಂತಿದೆ. (ಗುಂಡಿಗಳ ಕ್ರೆಡಿಟ್ಟು ಬಿಬಿಎಂಪಿಗೆ ಹೋಗಬೇಕು ಅನ್ನೋದು ಬೇರೆ ಮಾತು.) ಸುದ್ದಿಗಳಲ್ಲಿ ನಟನ ಹೆಸರು ಬಂತು. ಆದರೆ ಫಾರ್ವರ್ಡ್ ಆಗ್ತಾ ಆಗ್ತಾ ವಿಡಿಯೋದಿಂದ ಮೊದಲು ಉದುರೋದು ಇಂಥ ಎರಡನೇ ಮೂರನೇ ಹೆಸರುಗಳೇ. ಯಾರೂ ಕದ್ದಿರಲ್ಲ, ತಾನಾಗೇ ಉದುರುತ್ತೆ. ಹಾಗಾಗಿ ಹೆಸರು ಶೀರ್ಷಿಕೆಯಲ್ಲಿದ್ದರೆ ಸಾಲದು, ಚಿತ್ರದ ಮೈಮೇಲೇ ಇರಬೇಕು.

ಇದಕ್ಕೆ ತೀರಾ ಎದುರಿನ ದಾರಿ ಅರವಾಣಿ ಆರ್ಟ್ ಪ್ರಾಜೆಕ್ಟಿನದು. ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಈ ಬಳಗದಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರೂ ಇತರ ಮಹಿಳೆಯರೂ ಸೇರಿ ಗೋಡೆ ಬರೆಯುತ್ತಾರೆ. ಅವರ ಮೊದಲ ಗೋಡೆಗಳಲ್ಲಿ ಒಂದು ಕೆ.ಆರ್. ಮಾರ್ಕೆಟ್ಟಿನ ಹತ್ತಿರದ್ದು, ‘ನಾವು ಇದ್ದೇವೆ’ ಅನ್ನೋದು ಅದರ ಮಾತು. 2024ರ ವೆನಿಸ್ ಬಿಯೆನ್ನಾಲೆಯ ಮುಖ್ಯ ಪ್ರದರ್ಶನದಲ್ಲಿ ಕಲಾವಿದರ ಪಟ್ಟಿಯಲ್ಲಿ ಇದ್ದದ್ದು ಬಳಗದ ಹೆಸರು. ಬ್ರೆಜಿಲಿನ ಅವಳಿ ಸಹೋದರರಾದ ಓಸ್ ಜೆಮಿಯೋಸ್ ಕೂಡ ಇಬ್ಬರಿಗೂ ಒಂದೇ ಸಹಿ ಇಟ್ಟುಕೊಂಡವರು. ಇಲ್ಲಿ ‘ಯಾರು ಎಷ್ಟು’ ಅಂತ ಬಿಡಿಸಿ ಹೇಳದಿರೋದೇ ಒಪ್ಪಂದ.

ಹಾಗಾದರೆ ಕ್ಲಬ್ಬಿನ ಹೆಸರು ಹಾಕೋದು ಸರಿಯೇ ಆಯಿತಲ್ಲ? ಅಷ್ಟು ಸುಲಭ ಇಲ್ಲ. ಬಳಗದ ಹೆಸರು ನ್ಯಾಯ ಆಗೋದು ಬಳಗದಲ್ಲಿ ಇರೋರೆಲ್ಲ ಅದನ್ನು ಬಯಸಿ ಆರಿಸಿಕೊಂಡಾಗ, ಆ ಹೆಸರಿನಿಂದ ಬರೋ ಮುಂದಿನ ಕೆಲಸ ಎಲ್ಲರಿಗೂ ಸಿಕ್ಕಾಗ. ಕಾಲೇಜು ಕ್ಲಬ್ಬಿನ ಹೆಸರು ಸಾಮಾನ್ಯವಾಗಿ ಜಗಳ ತಪ್ಪಿಸೋಕೆ ಕೊನೇ ಗಳಿಗೆಯಲ್ಲಿ ಬರುವಂಥದ್ದು. ಆಮೇಲೆ ಕ್ಲಬ್ಬಿನ ಪರವಾಗಿ ವೇದಿಕೆ ಹತ್ತೋದು ಸೆಕ್ರೆಟರಿ, ಬಿಸಿಲಲ್ಲಿ ನಿಂತ ಜೂನಿಯರ್ ಅಲ್ಲ. ಬೋರ್ಡ್ ಪೇಂಟರ್ ಅಂತೂ ಕ್ಲಬ್ಬಿನ ಸದಸ್ಯರೇ ಅಲ್ಲ. ಕ್ಲಬ್ಬಿನ ಹೆಸರು ಬಿದ್ದ ಕ್ಷಣದಲ್ಲೇ ಅವರು ಗೋಡೆಯಿಂದ ಮಾಯ.

ಅವರ ವಿಷಯದಲ್ಲೇ ನಿಜವಾದ ನಷ್ಟ ಇರೋದು. ಫ್ಲೆಕ್ಸ್ ಬಂದ ಮೇಲೆ ಕೈಬರಹದ ಬೋರ್ಡಿನ ಕೆಲಸ ಎಷ್ಟು ಕುಸಿಯಿತು ಅಂತ ಯಾವ ಪೇಟೆಯ ಪೇಂಟರನ್ನು ಕೇಳಿದರೂ ಹೇಳ್ತಾರೆ. ಹಳೇ ಬೋರ್ಡುಗಳ ಕೆಳಗೆ, ಬಸ್ಸು ಲಾರಿಗಳ ಹಿಂದೆ, ಸಣ್ಣ ಅಕ್ಷರದಲ್ಲಿ ‘ಆರ್ಟ್ಸ್’ ಅಂತ ಕೊನೆಯಾಗುವ ಒಂದು ಹೆಸರು ಇರುತ್ತೆ, ಕೆಲವು ಸಲ ಫೋನ್ ನಂಬರೂ. ಅವರಿಗೆ ಅದೇ ಜಾಹೀರಾತು. ಡಿಸೈನ್ ಮಾಡಿದ ಹುಡುಗಿಗೆ ಇನ್‌ಸ್ಟಾಗ್ರಾಂ ಇದೆ, ಪೋರ್ಟ್‌ಫೋಲಿಯೋ ಇದೆ, ನಾಳೆ ಎಂಎಸ್ ಅರ್ಜಿಯಲ್ಲಿ ಒಂದು ಸಾಲು ಬರೆಯಬಹುದು. ಅಕ್ಷರ ಬರೆದವರಿಗೆ ಇರೋದು ಆ ಮೂಲೆ ಒಂದೇ. ಕೂಲಿ ಆ ಮಧ್ಯಾಹ್ನದ ಕೆಲಸಕ್ಕೆ ಕೊಟ್ಟದ್ದು; ಹೆಸರಿನಿಂದ ಬರಬಹುದಾದ ಮುಂದಿನ ಕೆಲಸಕ್ಕೆ ಅಲ್ಲ. ಸಿನಿಮಾದಲ್ಲಿ ಲೈಟ್‌ಬಾಯ್‌ಗೂ ಸಂಬಳ ಕೊಡ್ತಾರೆ, ಟೈಟಲ್ಲಿನಲ್ಲಿ ಹೆಸರೂ ಹಾಕ್ತಾರೆ. ದುಡ್ಡು ಕೊಟ್ಟಾಯ್ತು ಅನ್ನೋದು ಹೆಸರು ಬಿಡೋಕೆ ಕಾರಣ ಹೇಗಾಗುತ್ತೆ?

ಮೂಲೆಯ ಒಂದು ಅಡಿಗೆ ಕಾನೂನಿನ ಬೆಲೆ

ಇದೆಲ್ಲ ಬರೀ ಸೌಜನ್ಯದ ಪ್ರಶ್ನೆ ಅಂದುಕೊಳ್ಳಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 55ನೇ ಕಲಮಿನ ಪ್ರಕಾರ, ಚಿತ್ರ ಮಾಡಿದಾಗ ಅದರ ಮೇಲೆ ಯಾರ ಹೆಸರು ಇತ್ತೋ ಅವರೇ ಕರ್ತೃ ಎಂದು ಕೋರ್ಟು ಮೊದಲು ಭಾವಿಸುತ್ತದೆ. ಅಲ್ಲ ಅನ್ನುವವರು ಸಾಬೀತು ಮಾಡಬೇಕು. ಅಂದರೆ ಮೂಲೆಯಲ್ಲಿ ಒಂದೇ ಹೆಸರಿದ್ದರೆ, ಉಳಿದ ನಾಲ್ಕು ಜನ ನಾಳೆ ‘ನಾವೂ ಇದ್ದೆವು’ ಅಂತ ಪುರಾವೆ ಹುಡುಕಬೇಕಾಗುತ್ತೆ.

ಅದೇ ಕಾಯ್ದೆ ‘ಜಂಟಿ ಕರ್ತೃತ್ವ’ ಅಂದರೇನು ಅಂತಲೂ ಹೇಳುತ್ತೆ: ಇಬ್ಬರು ಅಥವಾ ಹೆಚ್ಚು ಜನ ಸೇರಿ ಮಾಡಿದ, ಒಬ್ಬರ ಪಾಲನ್ನು ಇನ್ನೊಬ್ಬರ ಪಾಲಿನಿಂದ ಬೇರೆ ಮಾಡಿ ತೋರಿಸಲಾಗದ ಕೃತಿ. ಸಹಿ ಮಾಡಿದ ಹೊಯ್ಸಳ ವಿಗ್ರಹಗಳನ್ನು ನೆನಪಿಸಿಕೊಳ್ಳಿ. ವಿಗ್ರಹ ವಿಗ್ರಹಕ್ಕೂ ಒಬ್ಬೊಬ್ಬ ಶಿಲ್ಪಿ ಅಂತಾದರೆ ಅವು ಬೇರೆ ಬೇರೆ ಕೃತಿ. ನಮ್ಮ ಅಡಿಕೆ ತೋಟದಲ್ಲಿ ಗೆರೆ ಒಬ್ಬನದು, ಬಣ್ಣ ಇಬ್ಬರದು, ಎಲ್ಲ ಕಲಸಿಹೋಗಿದೆ. ಅಕ್ಷರ ಮಾತ್ರ ಬೇರೆಯಾಗಿ ನಿಲ್ಲುತ್ತೆ. ಒಂದೇ ಗೋಡೆಯಲ್ಲಿ ಎರಡೂ ಥರ.

ಇನ್ನೊಂದು ಸೂಕ್ಷ್ಮ. ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್ ಆದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಕಾಪಿರೈಟ್ ಹೋಗೋದು ಬರೆಸಿದವರಿಗೆ. ಇದು 17ನೇ ಕಲಂ. ಆದರೆ 57ನೇ ಕಲಂ ಇನ್ನೊಂದು ಹಕ್ಕನ್ನು ಬೇರೆಯಾಗಿಯೇ ಇಟ್ಟಿದೆ: ಕಾಪಿರೈಟ್ ಕೈಬಿಟ್ಟು ಹೋದರೂ ‘ಇದನ್ನು ಮಾಡಿದ್ದು ನಾನು’ ಅಂತ ಹೇಳಿಕೊಳ್ಳುವ, ಕೃತಿಯನ್ನು ವಿರೂಪ ಮಾಡಿದರೆ ತಡೆಯುವ ಹಕ್ಕು. ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪ ದೆಹಲಿಯ ವಿಜ್ಞಾನ ಭವನದಲ್ಲಿತ್ತು. 1979ರಲ್ಲಿ ಅದನ್ನು ಕಿತ್ತು ಗೋಡೌನಿಗೆ ಹಾಕಿದರು. ಸರ್ಕಾರವೇ ಮಾಡಿಸಿ ಹಣ ಕೊಟ್ಟ ಕೃತಿ ಅದು. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಕಲಾವಿದನ ಕಡೆ ತೀರ್ಪು ಕೊಟ್ಟು, 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಉಳಿದ ಭಾಗಗಳನ್ನು ಅವರಿಗೇ ವಾಪಸು ಮಾಡಿಸಿತು. ‘ದುಡ್ಡು ಕೊಟ್ಟಾಯ್ತಲ್ಲ’ ಅನ್ನೋ ಮಾತನ್ನು ಕೋರ್ಟು ಒಪ್ಪಲಿಲ್ಲ ಅಂತ ಓದಿಕೊಳ್ಳಿ.

ನ್ಯೂಯಾರ್ಕಿನ ‘ಫೈವ್ ಪಾಯಿಂಟ್ಸ್’ ಕಟ್ಟಡದ ಗ್ರಾಫಿಟಿಗೆ 2013ರಲ್ಲಿ ಮಾಲೀಕರು ರಾತ್ರೋರಾತ್ರಿ ಬಿಳಿ ಬಣ್ಣ ಹೊಡೆಸಿದಾಗ, 21 ಕಲಾವಿದರು ಕೋರ್ಟಿಗೆ ಹೋದರು. 2018ರಲ್ಲಿ 45 ಚಿತ್ರಗಳಿಗೆ ಒಟ್ಟು 67.5 ಲಕ್ಷ ಡಾಲರ್ ಪರಿಹಾರ ಸಿಕ್ಕಿತು, ಲೆಕ್ಕ ಹಾಕಿದ್ದು ಚಿತ್ರಕ್ಕೆ ಇಷ್ಟು ಅಂತ. ಸ್ಪ್ರೇ ಬಣ್ಣದ ಆ ಕಾಡಿನಲ್ಲೂ ಯಾವುದು ಯಾರದ್ದು ಅಂತ ಬಿಡಿಸಿ ಹೇಳೋಕೆ ಸಾಧ್ಯ ಇತ್ತು ಅನ್ನೋದನ್ನ ಗಮನಿಸಿ.

ಇನ್ನು ನೆಟ್ಟಿನಿಂದ ಎತ್ತಿದ ಮಂಗಟ್ಟೆ. ಬೀದಿ ಕಲಾವಿದ ಶೆಪರ್ಡ್ ಫೇರಿ 2008ರಲ್ಲಿ ಮಾಡಿದ ಒಬಾಮಾ ‘ಹೋಪ್’ ಪೋಸ್ಟರ್ ಜಗತ್ತೆಲ್ಲ ನೋಡಿತು. ಅದರ ಮೂಲ 2006ರಲ್ಲಿ ಮ್ಯಾನಿ ಗಾರ್ಸಿಯಾ ಅಸೋಸಿಯೇಟೆಡ್ ಪ್ರೆಸ್ಸಿಗಾಗಿ ತೆಗೆದ ಫೋಟೋ. ಜಗಳ ಕೋರ್ಟು ಹತ್ತಿ 2011ರಲ್ಲಿ ರಾಜಿಯಲ್ಲಿ ಮುಗಿಯಿತು. ಫೋಟೋ ತೆಗೆದವರೂ ಆ ಗೋಡೆಯ ಸಹಭಾಗಿಯೇ, ಅವರಿಗೆ ಗೊತ್ತಿಲ್ಲದೇ ಆದರೂ. ಕೇಳಿ ತಗೊಳ್ಳೋದು ಆಗದಿದ್ದರೆ ನಮ್ಮದೇ ಕ್ಯಾಂಪಸ್ಸಿನಲ್ಲಿ ಕ್ಯಾಮೆರಾ ಹಿಡಿದು ಹಕ್ಕಿ ಹಿಂದೆ ಓಡಾಡೋರು ಒಬ್ಬರಾದ್ರೂ ಇರ್ತಾರೆ.

ಮತ್ತೆ ಲಿಂಗದಹಳ್ಳಿಗೆ

ಗ್ರೂಪ್ ಪ್ರಾಜೆಕ್ಟ್ ಮಾಡಿರೋ ನಮಗೆ ಇದು ಹೊಸ ಲೆಕ್ಕ ಅಲ್ಲ. ನಾಲ್ಕು ಹೆಸರಿನ ರಿಪೋರ್ಟಿನಲ್ಲಿ ಕೋಡ್ ಬರೆದದ್ದು ಯಾರು ಅಂತ ಗಿಟ್ ಲಾಗ್ ಹೇಳಿಬಿಡುತ್ತೆ. ಸಂಶೋಧನಾ ಪತ್ರಿಕೆಗಳು ಇದಕ್ಕೆ ಒಂದು ದಾರಿ ಮಾಡಿಕೊಂಡಿವೆ: ‘ಕ್ರೆಡಿಟ್’ ಎಂಬ 14 ಪಾತ್ರಗಳ ಪಟ್ಟಿ. ಕಲ್ಪನೆ ಯಾರದು, ಸಾಫ್ಟ್‌ವೇರ್ ಯಾರದು, ಮೊದಲ ಕರಡು ಯಾರದು, ಹಣ ತಂದವರು ಯಾರು ಅಂತ ಪ್ರತಿ ಹೆಸರಿನ ಮುಂದೆ ಬರೆಯುತ್ತಾರೆ. ‘ಮೊದಲ ಹೆಸರು ಯಾರದು’ ಅನ್ನೋ ಜಗಳವನ್ನು ‘ಯಾರು ಏನು ಮಾಡಿದರು’ ಅನ್ನೋ ಪ್ರಶ್ನೆಗೆ ತಿರುಗಿಸೋ ಉಪಾಯ ಇದು, ಗೋಡೆಗೂ ಚೆನ್ನಾಗಿ ಒಪ್ಪುತ್ತೆ. ಆಗ ಮೂಲೆಯಲ್ಲಿ ಬರೋದು ಹೀಗೆ: ವಿನ್ಯಾಸ ಇಂಥವರು, ರೇಖೆ ಇಂಥವರು, ಬಣ್ಣ ಇಂಥ ಇಬ್ಬರು, ಅಕ್ಷರ ಇಂಥ ಆರ್ಟ್ಸ್ (ಅವರು ಬಯಸಿದರೆ ಫೋನ್ ನಂಬರ್ ಸಹಿತ), ಹಕ್ಕಿಯ ಫೋಟೋ ಇಂಥವರು. ಐದು ಸಾಲು. ಬಣ್ಣದಂಗಡಿಯ ಲೋಗೋಗಿಂತ ದೊಡ್ಡದಾಗಿದ್ದರೆ ಇನ್ನೂ ಒಳ್ಳೇದು.

ದುಡ್ಡಿನ ಲೆಕ್ಕ ಮಾತ್ರ ಬೇರೆ ಇಟ್ಟುಕೊಳ್ಳಿ. ಹೆಸರು ನಿರ್ಧಾರ ಮಾಡಿದವರನ್ನೂ ಕೈಯಾಡಿಸಿದವರನ್ನೂ ಹೇಳಬೇಕು. ಹಣ ಹೆಚ್ಚಾಗಿ ಗಂಟೆಯ ಲೆಕ್ಕದಲ್ಲಿ ಹೋಗೋದು ನನಗೆ ನ್ಯಾಯ ಅನಿಸುತ್ತೆ. ಎರಡು ಸಂಜೆಯ ಡಿಸೈನಿಗೆ ಬಹುಮಾನದ ಅರ್ಧ, ಮೂರು ದಿನದ ಬಿಸಿಲಿಗೆ ಸರ್ಟಿಫಿಕೇಟು, ಇಂಥ ಹಂಚಿಕೆ ಎಷ್ಟೋ ಕಡೆ ಸಹಜ ಅನ್ನೋ ಹಾಗೆ ನಡೆದುಬಿಡುತ್ತೆ. ‘ಫಸ್ಟ್ ಇಯರ್ ಅಲ್ವಾ, ಕಲೀತಾರೆ’ ಅನ್ನೋದು ಕೆಲಸ ಕಲಿಸಿದಾಗ ಮಾತ್ರ ಒಪ್ಪಬಹುದಾದ ಮಾತು. ಬರೀ ಡಬ್ಬ ಹಿಡಿಸಿದ್ರೆ ಅದು ಕೂಲಿ, ಕೂಲಿಯ ಹಾಗೇ ಲೆಕ್ಕ ಹಾಕಬೇಕು.

ಇದನ್ನೆಲ್ಲ ಭಾನುವಾರ ಸಂಜೆ ಮಾತಾಡಿದರೆ ಜಗಳ, ಗುರುವಾರ ಪ್ರೈಮರ್ ಒಣಗೋ ಹೊತ್ತಲ್ಲಿ ಮಾತಾಡಿದರೆ ಹತ್ತು ನಿಮಿಷದ ಹರಟೆ. ಚಿತ್ರ ಚೆನ್ನಾಗಿ ಬಂದಿದೆ ಅಂತ ಗೊತ್ತಾದ ಮೇಲೆ ಎಲ್ಲರಿಗೂ ತಮ್ಮ ಪಾಲು ಸ್ವಲ್ಪ ದೊಡ್ಡದಾಗಿಯೇ ನೆನಪಿರುತ್ತೆ. ವಾಟ್ಸಾಪ್ ಗ್ರೂಪಿನಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಎಲ್ಲರಿಂದ ‘ಓಕೆ’ ಹಾಕಿಸಿಕೊಂಡರೂ ನಾಳೆಗೆ ಒಂದು ದಾಖಲೆ ಆಯಿತು. ಗ್ರೂಪಿನಲ್ಲಿ ಇಲ್ಲದ ಬೋರ್ಡ್ ಪೇಂಟರ್ ಹತ್ರ ಹೋಗಿ, ‘ಅಣ್ಣ, ನಿಮ್ಮ ಹೆಸರು ಹೆಂಗೆ ಬರೀಬೇಕು?’ ಅಂತ ಕೇಳಿ. ಬರೆಯೋಕೂ ಅವರಿಗೇ ಬಿಡಿ, ಅವರ ಅಕ್ಷರ ನಮ್ಮದಕ್ಕಿಂತ ಚೆನ್ನಾಗಿರುತ್ತೆ.

ಕೊನೆಯ ಒಂದು ಲೆಕ್ಕ ನಿಮಗೆ ಬಿಡ್ತೀನಿ. ಲಿಂಗದಹಳ್ಳಿ ಕಡೆಯ ಮಳೆಗೆ ಹೊರಗಿನ ಬಣ್ಣ ಬಹಳ ವರ್ಷ ತಡೆಯೋದಿಲ್ಲ. ಮೂರು ವರ್ಷ ಬಿಟ್ಟು ಹೊಸ ಬ್ಯಾಚಿನವರು ಅದೇ ಚಿತ್ರದ ಮೇಲೆ ಮತ್ತೆ ಬಣ್ಣ ಹೊಡೀತಾರೆ: ಗೆರೆ ಹಳೆಯವರದ್ದು, ಬಣ್ಣ ಪೂರ್ತಿ ಹೊಸಬರದ್ದು, ಮಂಗಟ್ಟೆಯ ಕೊಕ್ಕನ್ನು ಯಾರೋ ತಿದ್ದಿ ಮೊದಲಿಗಿಂತ ಚೆಂದ ಮಾಡಿದ್ದಾರೆ. ಆ ಐದು ಸಾಲನ್ನು ಅಳಿಸ್ತೀರಾ, ಉಳಿಸಿ ಕೆಳಗೆ ಸೇರಿಸ್ತೀರಾ? ಸೇರಿಸೋದಾದ್ರೆ ಕೊಕ್ಕು ತಿದ್ದಿದವರನ್ನ ಯಾವ ಸಾಲಿನಲ್ಲಿ ಬರೀತೀರಿ?